ಮೇಲಿನ ಹೊಲದ ನೀರು: ಯಲಬುರ್ಗಾ ಸೀಮೆಯ ಒಂದು ಎರಿ ಹೊಲದ ಪ್ರಕರಣ ಅಧ್ಯಯನ

ಹೊಲ 4 ಎಕರೆ 18 ಗುಂಟೆ. ಅಗಲ 90 ಮೀಟರ್, ಇಳಿಜಾರಿನ ಗುಂಟ ಉದ್ದ 200 ಮೀಟರ್. ಆಳವಾದ ಎರಿ (ಕಪ್ಪು) ಮಣ್ಣು, ನೂರು ಮೀಟರಿಗೆ ಒಂದೂವರೆ ಮೀಟರ್ ಇಳಿಜಾರು. ಮೇಲೆ ಬೇರೆಯವರ ಐದೂವರೆ ಎಕರೆ ಹೊಲ, ಕೆಳಗೆ ಹಳ್ಳ. ಬೆಳೆ ಹಿಂಗಾರಿ ಜೋಳ ಮತ್ತು ಕಡಲೆ, ಒಂದು ತುಂಡಿನಲ್ಲಿ ಮುಂಗಾರಿ ಹೆಸರು. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಕಡೆ ಓಡಾಡಿದವರಿಗೆ ಇಂಥ ಹೊಲ ಹೊಸದಲ್ಲ. ಇದು ಒಬ್ಬ ರೈತರ ಸರ್ವೆ ನಂಬರಿನ ವರದಿಯಲ್ಲ. ಆ ಸೀಮೆಯಲ್ಲಿ ಪದೇ ಪದೇ ಕಾಣುವ ಸ್ಥಿತಿಯನ್ನು ಒಂದೇ ಹೊಲಕ್ಕೆ ಇಳಿಸಿ ಲೆಕ್ಕ ಹಾಕಿದ ಮಾದರಿ. ಅಳತೆಗಳು ಈ ಮಾದರಿ ಹೊಲದವು. ನಿಮ್ಮ ಹೊಲಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಬೇಕು.

ಸಮಸ್ಯೆ ಹಳೆಯದು. ಈ ಭಾಗದಲ್ಲಿ ವರ್ಷದ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನಲ್ಲಿ ಬೀಳುತ್ತದೆ, ಅದೂ ಎರಡು-ಮೂರು ಜೋರು ಮಳೆಯಲ್ಲಿ. ಹುಬ್ಬಿ, ಉತ್ತರಿ ಮಳೆ ಹೊಡೆಯುವ ಹೊತ್ತಿಗೆ ಹಿಂಗಾರಿಗೆ ಬಿಟ್ಟ ಹೊಲ ಬರಿದಾಗಿ ಬಿದ್ದಿರುತ್ತದೆ. ಎರಿ ಮಣ್ಣು ಒಮ್ಮೆ ಹಸಿಯಾಗಿ ಉಬ್ಬಿತೆಂದರೆ ನೀರನ್ನು ಒಳಗೆ ಬಿಡುವುದು ಬಹಳ ನಿಧಾನ. ಉಳಿದ ನೀರು ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳಕ್ಕೆ ಹೋಗುತ್ತದೆ. ನವೆಂಬರಿನಲ್ಲಿ ಜೋಳ ಹೊಡೆ ಹಾಯುವಾಗ ಅದೇ ಹೊಲ ಬಿರುಕು ಬಿಟ್ಟು ಬಾಯಾರಿ ನಿಂತಿರುತ್ತದೆ.

ಇದಕ್ಕೆ ಸರ್ಕಾರದ ನೆರವು ಮೂರು ಬಾಗಿಲಿನಿಂದ ಬರುತ್ತದೆ, ಮೂರೂ ಸ್ವಇಚ್ಛೆಯವು. ಮೊದಲನೆಯದು ಉದ್ಯೋಗ ಖಾತ್ರಿಯಲ್ಲಿ ಸ್ವಂತ ಹೊಲದ ಒಡ್ಡು. ಐದು ಎಕರೆಯೊಳಗಿನ ಸಣ್ಣ ರೈತರಾದ್ದರಿಂದ ಈ ಹೊಲ ಅರ್ಹ. ಎರಡನೆಯದು ಕೃಷಿ ಇಲಾಖೆಯ ಕೃಷಿ ಭಾಗ್ಯದ ಹೊಂಡ. 2014ರಲ್ಲಿ ಆರಂಭವಾಗಿ ನಡುವೆ ನಿಂತು ಮತ್ತೆ ಶುರುವಾದ ಯೋಜನೆ ಇದು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ. ಮೂರನೆಯದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಇವಲ್ಲದೆ ಪ್ರಧಾನಮಂತ್ರಿ ಕೃಷಿ ಸಿಂಚಾಯಿಯ ಜಲಾನಯನ ಕಾಮಗಾರಿಯೂ ಇದೆ. ಅದರ 2.0 ಹಂತದಲ್ಲಿ ಬಯಲು ಸೀಮೆಗೆ ಹೆಕ್ಟೇರಿಗೆ 22,000 ರೂಪಾಯಿ ಹಿಡಿದಿದ್ದರು. ಆದರೆ ಅದು ಆಯ್ದ ಜಲಾನಯನಕ್ಕೆ ಮಾತ್ರ. ನಿಮ್ಮ ಊರು ಅದರೊಳಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಹೊಲ ಬಿದ್ದಿಲ್ಲ ಎಂದೇ ಹಿಡಿಯೋಣ.

ಮೊದಲ ವರ್ಷ: ಒಡ್ಡು

ಕೆಲಸದ ದಾರಿ ಹೀಗೆ. ಅಕ್ಟೋಬರಿನ ಹೊತ್ತಿಗೆ ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಹೆಸರು ಬರೆಸಬೇಕು. ಕ್ರಿಯಾ ಯೋಜನೆಗೆ ಸೇರದ ಕೆಲಸಕ್ಕೆ ಬೇಸಿಗೆಯಲ್ಲಿ ಎಷ್ಟು ಓಡಾಡಿದರೂ ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ) ತೆಗೆಯುವುದಿಲ್ಲ. ಪಹಣಿ, ಜಾಬ್ ಕಾರ್ಡ್, ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಬೇಕು. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪೌತಿ ಖಾತೆ ಮಾಡಿಸುವುದಕ್ಕೇ ಒಂದು ಹಂಗಾಮು ಹೋದ ಉದಾಹರಣೆಗಳು ಬೇಕಾದಷ್ಟಿವೆ.

ಒಂದೂವರೆ ಶೇಕಡಾ ಇಳಿಜಾರಿಗೆ ಒಡ್ಡಿನಿಂದ ಒಡ್ಡಿಗೆ ಎತ್ತರದ ಅಂತರ ಮುಕ್ಕಾಲು ಮೀಟರ್, ಅಂದರೆ ನೆಲದ ಮೇಲೆ 50 ಮೀಟರ್. 200 ಮೀಟರಿಗೆ ನಾಲ್ಕು ಒಡ್ಡು, ಕೊನೆಯದು ಹಳ್ಳದ ಹದ್ದಿಗೆ. ಪ್ರತಿಯೊಂದೂ 90 ಮೀಟರ್, ಒಟ್ಟು 360 ಮೀಟರ್. ಎರಿ ಮಣ್ಣಿನ ಒಡ್ಡಿನ ಪಕ್ಕೆ ಕಡಿದಾಗಿರಬಾರದು. ಎತ್ತರ 60 ಸೆಂ.ಮೀ., ತಲೆ 30 ಸೆಂ.ಮೀ., ಪಕ್ಕೆಯ ಇಳಿಜಾರು ಎತ್ತರ ಒಂದಕ್ಕೆ ಅಗಲ ಒಂದೂವರೆ ಹಿಡಿದರೆ ಬುಡ 2.1 ಮೀಟರ್ ಆಗುತ್ತದೆ. ಒಂದು ಮೀಟರ್ ಒಡ್ಡಿಗೆ 0.72 ಘನ ಮೀಟರ್ ಮಣ್ಣು ಬೇಕು. ಈ ಮಣ್ಣು ಒಡ್ಡಿನ ಮೇಲ್ಬದಿಯ ಗುಂಡಿಗಳಿಂದ ಬರುತ್ತದೆ. ಗುಂಡಿ 4 ಮೀಟರ್ ಉದ್ದ, 1.4 ಮೀಟರ್ ಅಗಲ, 60 ಸೆಂ.ಮೀ. ಆಳ. ಎರಡು ಗುಂಡಿಗಳ ನಡುವೆ 60 ಸೆಂ.ಮೀ. ನೆಲ ಕಡಿಯದೆ ಬಿಡಬೇಕು. ಬಿಡದಿದ್ದರೆ ಗುಂಡಿಗಳ ಸಾಲು ಕಾಲುವೆಯಾಗಿ ನೀರನ್ನು ಓಡಿಸಿ ತಾನೇ ಕೊರಕಲಾಗುತ್ತದೆ. ಗುಂಡಿಗೂ ಒಡ್ಡಿನ ಬುಡಕ್ಕೂ ನಡುವೆ 30 ಸೆಂ.ಮೀ. ಮೆಟ್ಟಿಲು ಇರಬೇಕು.

ಒಟ್ಟು ಮಣ್ಣು 259 ಘನ ಮೀಟರ್. ಒಬ್ಬರಿಗೆ ದಿನಕ್ಕೆ ನೂರು ಘನ ಅಡಿ, ಅಂದರೆ 2.8 ಘನ ಮೀಟರ್ ಹಿಡಿದರೆ 92 ಆಳು. 2024-25ರ ಕೂಲಿ ದಿನಕ್ಕೆ 349 ರೂಪಾಯಿ, ಆ ಲೆಕ್ಕದಲ್ಲಿ ಸುಮಾರು 32,000 ರೂಪಾಯಿ ಕೂಲಿ. ಯಂತ್ರ ಇಳಿಸುವಂತಿಲ್ಲ. ತಮ್ಮ ಹೊಲದಲ್ಲಿ ತಾವೇ ದುಡಿದು ಕೂಲಿ ಪಡೆಯಬಹುದೆಂಬುದೇ ಈ ಯೋಜನೆಯ ಸೆಳೆತ.

ಹಾಗಿದ್ದರೂ ಬೇಡ ಅನ್ನುವವರು ಹೆಚ್ಚು, ಅದಕ್ಕೆ ಕಾರಣ ಸೋಮಾರಿತನವಲ್ಲ. "ಸಾಹೇಬ್ರ, ಒಡ್ಡು ಹಾಕಿದ್ರ ಹೊಲ ಹೋಗತೈತಲ್ರಿ" ಎಂಬ ಮಾತು ಊರೂರಲ್ಲಿ ಕೇಳುತ್ತದೆ. ಲೆಕ್ಕ ಹಾಕಿದರೆ ಅದು ಸುಳ್ಳೂ ಅಲ್ಲ. ಒಡ್ಡು, ಮೆಟ್ಟಿಲು, ಗುಂಡಿ ಸೇರಿ 3.8 ಮೀಟರ್ ಅಗಲ. 360 ಮೀಟರಿಗೆ 1,368 ಚದರ ಮೀಟರ್, ಅಂದರೆ ಹದಿಮೂರೂವರೆ ಗುಂಟೆ. ಹೊಲದ ನೂರಕ್ಕೆ ಏಳೂವರೆ ಪಾಲು. ಮೂರು-ನಾಲ್ಕು ವರ್ಷದಲ್ಲಿ ಗುಂಡಿ ಹೂಳು ತುಂಬಿ ಮತ್ತೆ ಬಿತ್ತನೆಗೆ ಬರುತ್ತದೆ, ಒಡ್ಡಿನ ಜಾಗ ಬರುವುದಿಲ್ಲ. ಈ ನಷ್ಟಕ್ಕೆ ಯಾವ ಯೋಜನೆಯಲ್ಲೂ ಪರಿಹಾರವಿಲ್ಲ. ಇದನ್ನು ಮುಚ್ಚಿಟ್ಟು ಒಡ್ಡು ಹಾಕಿಸಿದರೆ ಎರಡನೇ ವರ್ಷವೇ ಗಳೆ ಹೊಡೆದು ಬುಡ ಕತ್ತರಿಸುತ್ತಾರೆ. ಮೊದಲೇ ಹೇಳಿ, ಒಪ್ಪಿದವರ ಹೊಲದಲ್ಲಿ ಮಾತ್ರ ಮಾಡುವುದು ಮೇಲು.

ಮೇ ತಿಂಗಳಲ್ಲಿ ಕಡಿದ ಎರಿ ಮಣ್ಣು ತೆಂಗಿನಕಾಯಿ ಗಾತ್ರದ ಹೆಂಟಿಯಾಗಿ ಏಳುತ್ತದೆ. ಹೆಂಟಿ ಒಡೆಯದೆ ಪೇರಿಸಿದರೆ ಅಳತೆಗೆ ಎತ್ತರ ಸಿಗುತ್ತದೆ, ಒಡ್ಡಿನ ಹೊಟ್ಟೆ ಮಾತ್ರ ಟೊಳ್ಳು. ಸರಿಯಾದ ಕ್ರಮ ಬೇರೆ. ಬುಡದ ಜಾಗದಲ್ಲಿ ಕಸಕಡ್ಡಿ, ಕೂಳೆ ಕೆರೆದು ನೆಲವನ್ನು ಒಂದು ಗೇಣು ಸಡಿಲಿಸಬೇಕು. ಮಣ್ಣನ್ನು 15 ಸೆಂ.ಮೀ. ಪದರವಾಗಿ ಹರಡಿ, ಹೆಂಟಿ ಒಡೆದು, ದಿಮ್ಮಸು ಹೊಡೆಯಬೇಕು. ಕುಸಿತಕ್ಕೆಂದು 75 ಸೆಂ.ಮೀ.ವರೆಗೆ ಏರಿಸಿ ಬಿಡಬೇಕು. ಎರಡು ಮಳೆ ಕಂಡ ಮೇಲೆ ಅದು 60ಕ್ಕೆ ಇಳಿಯುತ್ತದೆ.

ಒಡ್ಡು ಹರಿದದ್ದು

ಈ ಪ್ರಕರಣದ ಗಂಟು ಇಲ್ಲಿದೆ. ಮಣ್ಣಿನ ಕೆಲಸ ಕೂಲಿ ಬಾಬತ್ತು, ವಾರಕ್ಕೊಮ್ಮೆ ಎನ್‌ಎಂಆರ್ ಮುಗಿದು ಹಣ ಖಾತೆಗೆ ಬೀಳುತ್ತದೆ. ಕೋಡಿಗೆ, ಅಂದರೆ ಹೆಚ್ಚಾದ ನೀರು ಒಡ್ಡು ದಾಟಿ ಹೋಗುವ ದಾರಿಗೆ, ಬೇಕಾದ ಕಲ್ಲು ಸಾಮಗ್ರಿ ಬಾಬತ್ತು, ಅದರ ಬಿಲ್ಲಿನ ದಾರಿ ಬೇರೆ. ಎರಿ ಸೀಮೆಯಲ್ಲಿ ಕಲ್ಲು ಹುಟ್ಟುವುದಿಲ್ಲ, ಕುಷ್ಟಗಿ ಕಡೆಯ ಮಸಾರಿ (ಕೆಂಪು) ನೆಲದಿಂದ ಟ್ರ್ಯಾಕ್ಟರಿನಲ್ಲಿ ತರಬೇಕು. ಹೀಗಾಗಿ ಒಡ್ಡು ಮೇ ಕೊನೆಗೆ ಮುಗಿಯುತ್ತದೆ, ಫೋಟೊ ಏರುತ್ತದೆ, ಎಂ.ಬಿ. (ಅಳತೆ ಪುಸ್ತಕ) ಬರೆಯುತ್ತಾರೆ. ಕೋಡಿ "ಆಮೇಲೆ" ಎಂದು ಉಳಿಯುತ್ತದೆ.

ಸೆಪ್ಟೆಂಬರಿನ ಮೊದಲ ದೊಡ್ಡ ಮಳೆ. ಮೇಲಿನ ಹೊಲದ ನೀರು ಮೊದಲ ಒಡ್ಡಿಗೆ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಒಡ್ಡಿಗೆ ಬಿದ್ದ ಬಿರುಕು ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಬಿರುಕಿನೊಳಗೆ ನೀರು ಇಳಿದು ಆಚೆ ಬದಿಯಲ್ಲಿ ಬೆರಳು ಗಾತ್ರದ ರಂಧ್ರವಾಗಿ ಹೊರಬರುತ್ತದೆ. ಅರ್ಧ ಗಂಟೆಯಲ್ಲಿ ಆ ರಂಧ್ರ ತೋಳು ಗಾತ್ರವಾಗಿ, ಮೇಲಿನ ಮಣ್ಣು ಕುಸಿದು, ಮೂರು-ನಾಲ್ಕು ಮೀಟರ್ ಬಾಯಿ ಬೀಳುತ್ತದೆ. ನಿಂತಿದ್ದ ನೀರೆಲ್ಲ ಒಂದೇ ಸಲ ಎರಡನೇ ಒಡ್ಡಿಗೆ ನುಗ್ಗುತ್ತದೆ, ಅದು ಮೂರನೆಯದಕ್ಕೆ. ಒಡ್ಡು ಇಲ್ಲದಿದ್ದರೆ ಹೊಲದ ತುಂಬ ಹರಡಿ ಹೋಗುತ್ತಿದ್ದ ನೀರು ಈಗ ಒಂದೇ ಗೆರೆಯಲ್ಲಿ ಕೊರಕಲು ತೆಗೆಯುತ್ತದೆ. ಮೇಲ್ಮಣ್ಣಿನ ನಷ್ಟ ಒಡ್ಡು ಹಾಕದ ವರ್ಷಕ್ಕಿಂತ ಹೆಚ್ಚು. "ಮುಗಿದ ಕಾಮಗಾರಿ" ಎಂದು ದಾಖಲಾದ ಒಡ್ಡಿಗೆ ಮತ್ತೆ ದುಡ್ಡು ಹುಟ್ಟಿಸುವುದು ಕಷ್ಟ.

ಅಂದಾಜು ಪಟ್ಟಿ ಎಲ್ಲಿ ತಪ್ಪಿತು? ಪಟ್ಟಿ ಸರ್ವೆ ನಂಬರಿಗೆ ಆಗುತ್ತದೆ. ಕೋಡಿ ಇದ್ದಿದ್ದರೂ ಅದರ ಅಗಲವನ್ನು 1.8 ಹೆಕ್ಟೇರಿನ ಸ್ವಂತ ಹೊಲಕ್ಕೇ ಲೆಕ್ಕ ಹಾಕಿರುತ್ತಿದ್ದರು. ಗಂಟೆಗೆ 60 ಮಿ.ಮೀ. ರಭಸದ ಮಳೆ, ಅದರಲ್ಲಿ ಅರ್ಧ ಹರಿಯುತ್ತದೆ ಎಂದು ಹಿಡಿದರೆ ಸೆಕೆಂಡಿಗೆ 0.15 ಘನ ಮೀಟರ್ ನೀರು. ಕೋಡಿಯ ಮೇಲೆ 20 ಸೆಂ.ಮೀ. ಆಳ ಹರಿಯಲು ಬಿಟ್ಟರೆ ಒಂದು ಮೀಟರ್ ಅಗಲ ಸಾಕು. ಮೇಲಿನ 2.2 ಹೆಕ್ಟೇರನ್ನು ಕೂಡಿಸಿದರೆ ಚಿತ್ರ ಬದಲಾಗುತ್ತದೆ. ಮೊದಲ ಒಡ್ಡಿಗೇ ಒಂದೂವರೆ ಮೀಟರ್ ಬೇಕು. ಎರಡನೆಯದಕ್ಕೆ 1.7, ಮೂರನೆಯದಕ್ಕೆ 2, ಕೊನೆಯದಕ್ಕೆ 2.2 ಮೀಟರ್. ಕೆಳಗಿಳಿದಂತೆ ಕೋಡಿ ಅಗಲವಾಗಬೇಕು. ನಾಲ್ಕಕ್ಕೂ ಒಂದೇ ಅಳತೆ ಬರೆದ ಪಟ್ಟಿ ಕಂಡರೆ ಸಹಿ ಹಾಕುವ ಮೊದಲು ಕೇಳಬೇಕು.

ಎರಡನೇ ವರ್ಷ: ಮೊದಲು ಕೋಡಿ

ದುರಸ್ತಿಯನ್ನು ಹೋದ ಬಾಯಿಗೆ ಮಣ್ಣು ತುಂಬಿ ಮುಗಿಸುವಂತಿಲ್ಲ. ಹಳೆಯ ಮಣ್ಣಿಗೂ ಹೊಸ ಮಣ್ಣಿಗೂ ಬೆಸುಗೆ ಆಗದೆ ಅದೇ ಗೆರೆಯಲ್ಲಿ ಮತ್ತೆ ಹರಿಯುತ್ತದೆ. ಬಾಯಿಯ ಎರಡೂ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ತೇವ ಇರುವಾಗಲೇ ಪದರ ಪದರವಾಗಿ ತುಂಬಬೇಕು. ಅಕ್ಟೋಬರಿನಲ್ಲಿ ಮಣ್ಣು ಮುದ್ದೆಯೂ ಅಲ್ಲ, ಹೆಂಟಿಯೂ ಅಲ್ಲ ಎನ್ನುವ ಹದಕ್ಕೆ ಬಂದಾಗ ಮಾಡಿದ ದುರಸ್ತಿ ಮೇ ತಿಂಗಳದ್ದಕ್ಕಿಂತ ಗಟ್ಟಿ. ಹಿಂಗಾರಿ ಬಿತ್ತನೆಯ ಗಡಿಬಿಡಿಯಲ್ಲಿ ಯಾರಿಗೂ ಆಗ ಪುರುಸೊತ್ತಿರುವುದಿಲ್ಲ, ಅದು ಬೇರೆ ಮಾತು.

ಕೋಡಿಗಳನ್ನು ಒಂದು ಎಡ ತುದಿಗೆ, ಮುಂದಿನದನ್ನು ಬಲ ತುದಿಗೆ ಇಡಬೇಕು. ಆಗ ನೀರು ಒಡ್ಡುಗಳ ನಡುವಿನ ಪ್ರತಿ ಪಟ್ಟಿಯಲ್ಲೂ 90 ಮೀಟರ್ ಅಡ್ಡ ನಡೆದು ಹೋಗುತ್ತದೆ, ಹೊತ್ತ ಮಣ್ಣನ್ನು ದಾರಿಯಲ್ಲಿ ಇಳಿಸುತ್ತದೆ. ಒಡ್ಡಿನ ಗುಂಟ ಕೋಡಿಯ ಕಡೆಗೆ ನೂರು ಮೀಟರಿಗೆ 20 ಸೆಂ.ಮೀ., ಅಂದರೆ 90 ಮೀಟರಿಗೆ 18 ಸೆಂ.ಮೀ. ಇಳಿವು ಸಾಕು. ಎರಿ ಮಣ್ಣಿನಲ್ಲಿ ಪೂರ್ತಿ ಸಮಪಾತಳಿಯ ಒಡ್ಡು ನೀರನ್ನು ವಾರಗಟ್ಟಲೆ ನಿಲ್ಲಿಸಿ ಬೆಳೆ ಕೊಳೆಸುತ್ತದೆ. ಅಳತೆಗೆ ದೊಡ್ಡ ಉಪಕರಣ ಬೇಡ. ಗವಂಡಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಮತ್ತು ಎರಡು ಅಳತೆಗೋಲು ಇದ್ದರೆ ಅರ್ಧ ದಿನದ ಕೆಲಸ. ಪೈಪಿನೊಳಗೆ ಗಾಳಿ ಗುಳ್ಳೆ ಉಳಿದರೆ ಲೆಕ್ಕ ಕೆಡುತ್ತದೆ.

ಕೋಡಿಯ ಹೊಸ್ತಿಲು ನೆಲದಿಂದ 25 ಸೆಂ.ಮೀ. ಎತ್ತರ. ಅದರ ಮೇಲೆ 20 ಸೆಂ.ಮೀ. ನೀರು ಹರಿದರೂ ಒಡ್ಡಿನ ತಲೆಗೆ 15 ಸೆಂ.ಮೀ. ಉಳಿಯುತ್ತದೆ. ಬುಡವನ್ನು 30 ಸೆಂ.ಮೀ. ತೋಡಿ, ಗೇಣಿಗಿಂತ ದೊಡ್ಡ ಕಲ್ಲನ್ನು ಗಾರೆ ಇಲ್ಲದೆ ಒತ್ತಾಗಿ ಜೋಡಿಸಬೇಕು. ಉಬ್ಬಿ ಕುಗ್ಗುವ ಎರಿ ನೆಲದಲ್ಲಿ ಸಿಮೆಂಟ್ ಗೋಡೆ ಬಿರಿಯುತ್ತದೆ, ಒಣ ಕಲ್ಲು ನೆಲದ ಜೊತೆ ಅಲುಗಾಡಿ ಹೊಂದಿಕೊಳ್ಳುತ್ತದೆ. ಕಲ್ಲಿನ ಕೆಳಗೆ ಒಂದು ಪದರ ಗರಸು (ಸಣ್ಣ ಕಲ್ಲುಮಣ್ಣು) ಹಾಕದಿದ್ದರೆ ಸಂದಿನಲ್ಲಿ ಎರಿ ಮಣ್ಣು ಸೋರಿ ಕಲ್ಲು ಕೂರುತ್ತದೆ. ನೀರು ಧುಮುಕುವ ಕೆಳಬದಿಗೆ ಒಂದು ಮೀಟರ್ ಕಲ್ಲು ಹಾಸು ಬೇಕು. ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಇದೇ, ಹೆಚ್ಚಿನ ಕೋಡಿಗಳು ಕೆಳಗಿನಿಂದ ಕೊರೆದೇ ಬೀಳುತ್ತವೆ. ನಾಲ್ಕೂ ಕೋಡಿಗೆ ಸುಮಾರು 13 ಘನ ಮೀಟರ್ ಕಲ್ಲು, ಐದು ಟ್ರೇಲರ್. ಸಾಮಗ್ರಿ ಬಿಲ್ಲು ಬರುವವರೆಗೆ ಕಾಯಲಾಗದಿದ್ದರೆ ಮೊದಲ ಮತ್ತು ಕೊನೆಯ ಒಡ್ಡಿನ ಕಲ್ಲನ್ನಾದರೂ ಸ್ವಂತ ಖರ್ಚಿನಲ್ಲಿ ತರಬೇಕು. ನಡುವಿನ ಎರಡಕ್ಕೆ ಆ ವರ್ಷದ ಮಟ್ಟಿಗೆ ಒಡ್ಡಿನ ತುದಿ ತಗ್ಗಿಸಿ, ಹುಲ್ಲು ಹೆಪ್ಪು ಹಾಕಿ ದಾರಿ ಬಿಡಬಹುದು.

ಒಡ್ಡಿನ ಮೇಲೆ ಹುಲ್ಲು ಬೇಕೇ ಬೇಕು. ಕರಕಿ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ಆದರೆ ಎರಿ ಹೊಲದ ರೈತರು ಅದನ್ನು ಹತ್ತಿರ ಸೇರಿಸುವುದಿಲ್ಲ. ಹೊಲಕ್ಕೆ ಹಬ್ಬಿದ ಕರಕಿ ತೆಗೆಯುವುದೆಂದರೆ ಏನೆಂದು ಅವರಿಗೆ ಗೊತ್ತು. ಅಂಜನ ಹುಲ್ಲಿನ ಬೀಜ ಮೊದಲ ಮಳೆಗೆ ಚೆಲ್ಲಿದರೆ ಮೇವೂ ಆಗುತ್ತದೆ, ಹೊಲಕ್ಕೂ ಹಬ್ಬುವುದಿಲ್ಲ. ಕೋಡಿಯ ಎರಡು ಬಗಲಿಗೆ ಮುಡಿವಾಳ ಗೇಣಿಗೊಂದು ಬುಡದಂತೆ ನೆಡಬೇಕು.

ಹೊಂಡ: ಎರಡು ಕಡತ, ಒಂದು ಹೊಲ

ಹೊಂಡದ ಅರ್ಜಿ ರೈತ ಸಂಪರ್ಕ ಕೇಂದ್ರದಲ್ಲಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇದ್ದರೆ ಮಾತ್ರ. ಹಣ ಕೆಲಸ ಮುಗಿದ ಮೇಲೆ ಬರುವುದು, ಆದ್ದರಿಂದ ಜೆಸಿಬಿ ಬಾಡಿಗೆ ಮೊದಲು ಕೈಯಿಂದಲೇ. ಕಾರ್ಯಾದೇಶ ಕೈಗೆ ಬಂದು, ಖಾಲಿ ಜಾಗದ ಫೋಟೊ ಏರುವ ಮುನ್ನ ಬಕೆಟ್ ಇಳಿಸಿದರೆ ಸಹಾಯಧನ ಹೋದಂತೆಯೇ.

ಗಾತ್ರದ ಆಯ್ಕೆಯಲ್ಲಿ ತಪ್ಪುವವರು ಬಹಳ. 12 × 12 × 3 ಮೀಟರ್ ಹೊಂಡ ಎಂದರೆ ಪಕ್ಕೆ ಒಂದಕ್ಕೊಂದು ಇದ್ದಾಗ 252 ಘನ ಮೀಟರ್. ಎರಿ ಮಣ್ಣಿನಲ್ಲಿ ಆ ಪಕ್ಕೆ ಎರಡನೇ ಮಳೆಗೆ ಜಾರುತ್ತದೆ. ಒಂದಕ್ಕೆ ಒಂದೂವರೆ ಇಟ್ಟರೆ ನಿಲ್ಲುತ್ತದೆ, ಆದರೆ ಹಿಡಿಯುವುದು 189 ಘನ ಮೀಟರ್ ಮಾತ್ರ. ಬಿಲ್ಲು ಘನ ಮೀಟರಿಗೆ ಆಗುವುದರಿಂದ ಗೋಡೆಯನ್ನು ಕಡಿದಾಗಿ ಇಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಈ ಹೊಲಕ್ಕೆ 15 × 15 × 3 ಮೀಟರ್, ಪಕ್ಕೆ ಒಂದೂವರೆ ಸರಿ, 351 ಘನ ಮೀಟರ್. ದಿನಕ್ಕೆ 5 ಮಿ.ಮೀ.ನಂತೆ 40 ದಿನದಲ್ಲಿ 45 ಘನ ಮೀಟರ್ ಬಿಸಿಲಿಗೆ ಹೋಗುತ್ತದೆ, ತಳದ ಕೆಸರು ನೀರು ಪಂಪಿಗೆ ಸಿಗುವುದಿಲ್ಲ. ಕೈಗೆ ಸಿಗುವುದು 275ರ ಆಸುಪಾಸು. ತುಂತುರು ಪೈಪಿನಲ್ಲಿ 3 ಸೆಂ.ಮೀ. ಕೊಟ್ಟರೆ ಎಕರೆಗೆ 121 ಘನ ಮೀಟರ್, ಅಂದರೆ ಎರಡು ಎಕರೆ ಚಿಲ್ಲರೆಗೆ ಒಂದು ನೀರು. ಜೋಳಕ್ಕೆ ಹೊಡೆ ಹಂತದಲ್ಲಿ, ಕಡಲೆಗೆ ಕಾಯಿ ಕಟ್ಟುವಾಗ. ಬಿರುಕಿನಲ್ಲಿ ಬೆರಳು ಹೋಗುವಂತಾಗುವ ಮೊದಲೇ ಕೊಡಬೇಕು, ಆಮೇಲೆ ಕೊಟ್ಟ ನೀರು ಬೇರು ದಾಟಿ ಪಾತಾಳಕ್ಕೆ. ಕಡಲೆಗೆ ಹೆಚ್ಚಾದರೆ ಗಿಡ ಸೊಕ್ಕಿ ಕಾಯಿ ಕಡಿಮೆಯಾಗುತ್ತದೆ.

ಎರಿ ಆಳವಾಗಿದ್ದರೆ ಪ್ಲಾಸ್ಟಿಕ್ ಹೊದಿಕೆ ಬೇಡ. ಮೂರು ಮೀಟರಿನೊಳಗೆ ಗರಸು ಸಿಕ್ಕರೆ ಬೇಕು. ಅದಕ್ಕೇ ಅರ್ಜಿಗೆ ಮೊದಲು ಒಂದು ಪರೀಕ್ಷಾ ಗುಂಡಿ ತೋಡಿ ನೋಡಬೇಕು. ಸುಜಲಾ ಜಲಾನಯನ ಯೋಜನೆಯ ಮೂರನೇ ಹಂತದಲ್ಲಿ ಭೂ ಸಂಪನ್ಮೂಲ ಸಮೀಕ್ಷೆಯಾದ ಊರಾಗಿದ್ದರೆ ಆ ಸರ್ವೆ ನಂಬರಿನ ಮಣ್ಣಿನ ಆಳ, ಇಳಿಜಾರು ಕಾರ್ಡಿನಲ್ಲೇ ಇರುತ್ತದೆ.

ಈಗ ಮುಖ್ಯ ಪ್ರಶ್ನೆ: ಹೊಂಡಕ್ಕೆ ನೀರು ಎಲ್ಲಿಂದ? 50 ಮಿ.ಮೀ. ಮಳೆಯಲ್ಲಿ ನೂರಕ್ಕೆ ಮೂವತ್ತು ಹರಿದರೆ ಸ್ವಂತ ಹೊಲದಿಂದ 270 ಘನ ಮೀಟರ್ ಸಿಗಬೇಕು. ಆದರೆ ಒಡ್ಡಿನ ಗುಂಡಿಗಳೇ ಹೊಸತರಲ್ಲಿ ಹೆಚ್ಚುಕಡಿಮೆ 260 ಘನ ಮೀಟರ್ ನುಂಗುತ್ತವೆ. ಒಂದು ಯೋಜನೆ ಹೊಲದಲ್ಲೇ ನೀರು ಹಿಡಿಯುತ್ತದೆ, ಇನ್ನೊಂದು ಅದೇ ನೀರಿಗೆ ಬಾಯಿ ತೆರೆದು ಕೂತಿರುತ್ತದೆ. ಎರಡು ಕಡತಗಳೂ ತಮ್ಮ ತಮ್ಮ ಮಟ್ಟಿಗೆ ಸರಿ. ಹೊಂಡ ತುಂಬಿಸುವುದು ಮೇಲಿನ ಹೊಲದ 2.2 ಹೆಕ್ಟೇರು, ಅಲ್ಲಿಂದ ಅದೇ ಮಳೆಗೆ 330 ಘನ ಮೀಟರ್. ಒಡ್ಡು ಹರಿದದ್ದೂ ಇದೇ ನೀರಿನಿಂದ. ಆದ್ದರಿಂದ ಕೋಡಿಗಳ ಸಾಲನ್ನು ಹೊಂಡದ ಕಾಲುವೆ ಎಂದೇ ನೋಡಿ ಅಳತೆ ಹಾಕಬೇಕು. ನಾಳೆ ಮೇಲಿನವರೂ ಒಡ್ಡು ಹಾಕಿಸಿದರೆ ಹೊಂಡಕ್ಕೆ ನೀರು ಇಳಿಮುಖ. 21 ಮೀಟರ್ ಚೌಕದ ದೊಡ್ಡ ಹೊಂಡಕ್ಕೆ ಆಸೆಪಡದಿರಲು ಇದೂ ಒಂದು ಕಾರಣ. ಮೇಲಿನವರ ಜೊತೆ ಕೂತು ಅವರ ನೀರು ಎಲ್ಲಿ ಹೊರಬೀಳಬೇಕೆಂದು ಗೊತ್ತುಮಾಡಿ, ಆ ಜಾಗಕ್ಕೆ ನೇರವಾಗಿ ಮೊದಲ ಒಡ್ಡಿನ ಬಾಯಿ ಬರದಂತೆ ನೋಡಿಕೊಳ್ಳಬೇಕು. ಅಣ್ಣತಮ್ಮಂದಿರ ಹೊಲವಾದರೆ ಈ ಮಾತು ಇನ್ನೂ ಕಷ್ಟ.

ಹೊಂಡ ಕೊನೆಯ ಪಟ್ಟಿಯ ತಗ್ಗು ಮೂಲೆಯಲ್ಲಿ, ಆದರೆ ಕೋಡಿಯ ನೇರಕ್ಕಲ್ಲ, ಪಕ್ಕಕ್ಕೆ. ತುಂಬಿದ ಮೇಲೆ ನೀರು ಹೊಂಡದೊಳಗಿಂದ ಹಾಯದೆ ಹೊರಗಿನಿಂದಲೇ ಕೋಡಿಗೆ ತಿರುಗಬೇಕು. ಒಳಹರಿವಿಗೆ 2 × 2 × 1 ಮೀಟರಿನ ಹೂಳು ತೊಟ್ಟಿ. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಬಿಟ್ಟು ಹಾಕಬೇಕು. ತಳದ ಮಣ್ಣಿನಲ್ಲಿ ಸುಣ್ಣದ ಹರಳು ಹೆಚ್ಚು, ಅದನ್ನು ಹೊಲಕ್ಕೆ ಹರಡಿದರೆ ಬೆಳೆ ಹಳದಿಯಾಗುತ್ತದೆ. ಒಡ್ಡಿಗಾದರೆ ಅಡ್ಡಿಯಿಲ್ಲ. ಕೊನೆಯ ಒಡ್ಡಿಗೆ ಬೇಕಾದ 65 ಘನ ಮೀಟರ್ ಇಲ್ಲೇ ಸಿಗುತ್ತಿತ್ತು, ಗುಂಡಿ, ಮೆಟ್ಟಿಲಿನ ಒಂದೂವರೆ ಗುಂಟೆ ಜಾಗವೂ ಉಳಿಯುತ್ತಿತ್ತು. ಆದರೆ ಒಡ್ಡಿನ ಕಡತ ಕೂಲಿ ಆಳಿನದು, ಹೊಂಡದ ಕಡತ ಯಂತ್ರದ್ದು, ಎರಡನ್ನೂ ಕೂಡಿಸಲು ಬರುವುದಿಲ್ಲ. ಹೊಸದಾಗಿ ಶುರು ಮಾಡುವವರು ಹೊಂಡಕ್ಕೆ ಮೊದಲು ಅರ್ಜಿ ಹಾಕಿ, ಒಡ್ಡಿನ ಅಂದಾಜು ಪಟ್ಟಿಯನ್ನು ಮೂರು ಒಡ್ಡಿಗೆ ಇಳಿಸಿದರೆ ಈ ತೊಡಕಿಲ್ಲ.

ತಂತಿ ಬೇಲಿ ಯೋಜನೆಯಲ್ಲೇ ಇದೆ, ಸಹಾಯಧನದ ಪ್ರಮಾಣ ಬೇರೆ. ಬೇಲಿಯಿಲ್ಲದ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಒಂದು ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಡುವುದಕ್ಕೆ ಯಾರ ಮಂಜೂರಾತಿಯೂ ಬೇಡ.

ದುಡ್ಡು ಸಿಗದ ಕೆಲಸ

ಹಿಂಗಾರಿಗೆ ಬಿಟ್ಟ ತುಂಡಿನಲ್ಲಿ ಜೂನ್-ಜುಲೈನಲ್ಲೇ ಚೌಕಮಡಿ ಹಾಕಬೇಕು. ನಾಲ್ಕೂವರೆ ಮೀಟರ್ ಚೌಕ, ಸುತ್ತ ಗೇಣೆತ್ತರದ ಬದು, ಎತ್ತಿನ ಸಲಕರಣೆಯಲ್ಲಿ ಆಗುವ ಕೆಲಸ. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ, ಬಿತ್ತನೆಗೆ ಮುನ್ನ ಕುಂಟಿ ಹೊಡೆದರೆ ಬದು ಮಾಯ. ಜಾಗ ಹೋಗುವುದಿಲ್ಲ, ಕೋಡಿಯ ಮೇಲಿನ ಒತ್ತಡವೂ ಇಳಿಯುತ್ತದೆ. ನಮ್ಮ ಮಟ್ಟಿಗೆ ಒಂದು ವರ್ಷದ ತೇವಕ್ಕೆ ಒಡ್ಡಿಗಿಂತ ಇದರ ಪಾಲೇ ಹೆಚ್ಚು. ಆದರೆ ಅಕ್ಟೋಬರಿಗೆ ಅಳಿಸಿಹೋಗುವ ಕೆಲಸವನ್ನು ಅಳತೆ ಪುಸ್ತಕದಲ್ಲಿ ಬರೆಯುವುದು ಹೇಗೆ? ಅದಕ್ಕೇ ಇದು ಯಾವ ಪಟ್ಟಿಗೂ ಹತ್ತುವುದಿಲ್ಲ.

ಫಲ ನೋಡಿ ಹಣ ಕೊಡುವುದು ಸಸಿಯ ಯೋಜನೆಯೊಂದೇ. ಒಡ್ಡಿನ ಮೇಲೆ ಮರ ಬೇಡ, ಬೇರು ಸತ್ತ ಜಾಗ ನೀರಿಗೆ ದಾರಿಯಾಗುತ್ತದೆ, ಪಕ್ಕದ ನಾಲ್ಕು ಸಾಲು ಜೋಳವೂ ಸೊರಗುತ್ತದೆ. ಹಳ್ಳದ ಹದ್ದಿಗೆ ಮತ್ತು ಹೊಂಡದ ದಂಡೆಗೆ ಬೇವು, ಹೆಬ್ಬೇವು ಸೇರಿ 60 ಸಸಿ ಹಿಡಿಸುತ್ತವೆ. 45 ಮೂರು ವರ್ಷ ಬದುಕಿದರೆ 5,625 ರೂಪಾಯಿ. ಇವನ್ನು ಕೊಲ್ಲುವುದು ಬರಕ್ಕಿಂತ ಹೆಚ್ಚಾಗಿ ಸುಗ್ಗಿಯಾದ ಮೇಲೆ ಬಂದು ತಂಗುವ ಕುರಿ ಹಿಂಡು. ಕುರಿ ನಿಲ್ಲಿಸಿದರೆ ಗೊಬ್ಬರ, ನಿಲ್ಲಿಸಿದರೇ ಸಸಿಗೆ ಕುತ್ತು. ಮೊದಲ ಎರಡು ಬೇಸಿಗೆ ಪ್ರತಿ ಸಸಿಗೂ ಜಾಲಿ ಮುಳ್ಳಿನ ಗೂಡು ಕಟ್ಟಿ, ಹಿಂಡನ್ನು ಮೇಲಿನ ಎರಡು ಪಟ್ಟಿಗಳಲ್ಲಷ್ಟೇ ಕೂರಿಸುವುದೆಂದು ಕುರುಬರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ಒಡ್ಡಿನ ಹುಲ್ಲಿಗೂ ಅದೇ ಕಾವಲು.

ಇನ್ನುಳಿದದ್ದು ವರ್ಷಾವಧಿ ಕೆಲಸ. ಮೇ ಕೊನೆಗೆ ಒಡ್ಡಿನ ಬಿರುಕಿಗೆ ಪುಡಿಮಣ್ಣು ತುಂಬಿ ತುಳಿಯುವುದು, ಸರಿದ ಕೋಡಿಕಲ್ಲು ಕೂರಿಸುವುದು, ಹೂಳು ತೊಟ್ಟಿ ಬಳಿದು ಆ ಮಣ್ಣನ್ನು ಮೇಲಿನ ಪಟ್ಟಿಗೆ ಹೊರುವುದು. ಹೂಳು ತೊಟ್ಟಿಯದು ಮೇಲ್ಮಣ್ಣು, ಅದನ್ನು ದಂಡೆಗೆ ಚೆಲ್ಲಬಾರದು. ಇಬ್ಬರು ಆಳಿಗೆ ಮೂರು ದಿನದ ಕೆಲಸ, ಉತ್ತರಿ ಮಳೆಗೆ ಮೊದಲು ತೊಟ್ಟಿಯನ್ನು ಇನ್ನೊಮ್ಮೆ ನೋಡಬೇಕು.